ವಿಮಾನದ ಕಾಲು

ಶಾಂತಕುಮಾರಿ ಕೆಲಸದಿಂದ ನಿವೃತ್ತಳಾಗಿ ಆಲ್ದೂರಿನ ಮನೆಗೆ ಬಂದ ಮೂರನೆಯ ದಿನ, ಓರಗಿತ್ತಿ ಸೌಮ್ಯ ಅವಳನ್ನು ಅಡುಗೆಮನೆಗೆ ಕರೆದು ಒಂದೊಂದೇ ಡಬ್ಬಿ ತೆಗೆದು ತೋರಿಸಿದಳು.

"ಇದು ರೊಟ್ಟಿ ಹಿಟ್ಟು, ಇದು ಕಡುಬಿನ ತರಿ. ಎರಡೂ ಬೆಳ್ಳಗೇ ಕಾಣ್ತವೆ, ಮುಟ್ಟಿ ನೋಡಿ ತಗೊಳ್ಳಿ ಅಕ್ಕ. ಅತ್ತೆಗೆ ಖಾರ ಹಾಕೋಕೆ ಮೊದ್ಲೇ ಸಾರು ಬೇರೆ ತೆಗ್ದಿಡ್ಬೇಕು. ನಮ್ಮನೆಯವ್ರು ಏಳೂವರೆಗೆ ತೋಟಕ್ಕೆ ಹೊರಡ್ತಾರೆ, ಅಷ್ಟರಲ್ಲಿ ಬುತ್ತಿ ಆಗಿರ್ಬೇಕು."

"ಸೋಮವಾರದಿಂದ್ಲೇನಾ?"

"ಸೋಮವಾರದಿಂದ್ಲೇ. ಎಂಟು ಗಂಟೆ ಬಸ್ಸು."

ಇದು ವರ್ಷದ ಹಿಂದೆಯೇ ಆಗಿದ್ದ ಮಾತು. ಚಿಕ್ಕಮಗಳೂರಿನಲ್ಲಿ ಬೆಳೆಗಾರ ಹೆಂಗಸರು ಸೇರಿ ಕಾಫಿ ಹುರಿಯುವ ಘಟಕವೊಂದನ್ನು ತೆರೆದಿದ್ದರು. ಕಾಫಿಯ ರುಚಿ ನೋಡಿ ದರ್ಜೆ ಹೇಳುವ ತರಬೇತಿಗೆಂದು ಸುಮ್ಮನೆ ಹೋಗಿದ್ದ ಸೌಮ್ಯ, ಹನ್ನೆರಡು ಲೋಟದಲ್ಲಿ ಹುಳಿತ ಬೀಜ ಬಿದ್ದಿದ್ದ ಒಂದೇ ಒಂದು ಲೋಟವನ್ನು ಮೊದಲ ಗುಟುಕಿಗೇ ಬೆರಳು ಮಾಡಿ ತೋರಿಸಿದ್ದಳು. ಮಾರನೆಯ ತಿಂಗಳೇ ಅವರು ಬಂದು ಘಟಕದ ಗುಣಮಟ್ಟದ ಜವಾಬ್ದಾರಿ ವಹಿಸಿಕೊಳ್ಳಿ ಎಂದರು. "ನಮ್ಮಕ್ಕ ಅಕ್ಟೋಬರಿಗೆ ರಿಟೈರಾಗ್ತಾರೆ, ಆಮೇಲೆ ಬರ್ತೀನಿ" ಎಂದು ಸೌಮ್ಯ ಹೇಳಿದಳು. ಅವರೂ ಕಾದರು.

ಶಾಂತಕುಮಾರಿಗೆ ಅರವತ್ತು ತುಂಬಿತ್ತು. ಬೆಂಗಳೂರಿನಲ್ಲಿ ಯುದ್ಧವಿಮಾನಗಳ ವಿನ್ಯಾಸ ಮಾಡುವ ಸಂಸ್ಥೆಯೊಂದರಲ್ಲಿ ಮೂವತ್ತಾರು ವರ್ಷ ದುಡಿದವಳು. ಕೊನೆಯ ಒಂಬತ್ತು ವರ್ಷ ಲ್ಯಾಂಡಿಂಗ್ ಗೇರ್ ವಿಭಾಗದ ಮುಖ್ಯಸ್ಥೆ. ವಿಮಾನ ನೆಲ ಮುಟ್ಟುವಾಗ ಭಾರ ಹೊರುವ ಕಂಬ, ಚಕ್ರ, ಬ್ರೇಕು ಎಲ್ಲ ಅವಳ ಸುಪರ್ದಿ. ಹೆಚ್ಚಿನದನ್ನು ಮನೆಯಲ್ಲಿ ಹೇಳುವಂತಿರಲಿಲ್ಲ. ಅತ್ತೆ ನಂಜಮ್ಮ ಮಾತ್ರ ಯಾರು ಕೇಳಿದರೂ, "ನಮ್ಮ ಹಿರೇ ಸೊಸೆ ವಿಮಾನದ ಕಾಲು ಮಾಡ್ತಾಳೆ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು.

ಆ ಕಾಲು ಅವಳಿಗೆ ಸುಲಭಕ್ಕೆ ದಕ್ಕಿದ್ದಲ್ಲ. ತಂದೆ ಗುರುವಯ್ಯನವರದು ಬಾಳೆಹೊನ್ನೂರು ರಸ್ತೆಯಲ್ಲಿ ಅಕ್ಕಿ ಗಿರಣಿ. ಬೇರಿಂಗಿನ ಸದ್ದು ಕೇಳಿ ಗ್ರೀಸು ಕಡಿಮೆಯಾಗಿದೆಯೇ ಎಂದು ಹೇಳುವುದನ್ನು ಅವಳು ಅಲ್ಲೇ ಕಲಿತಳು. ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದಾಗ ಹೈಡ್ರಾಲಿಕ್ಸ್ ಪ್ರಯೋಗಾಲಯದಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ಎರಡು ಕಟ್ಟಡ ದಾಟಿ ಹೋಗಬೇಕಿತ್ತು. ಎರಡು ವರ್ಷ ನಕ್ಷೆ ತಿದ್ದುವ ಕೆಲಸವನ್ನಷ್ಟೇ ಕೊಟ್ಟರು. ಒಮ್ಮೆ ಚಕ್ರದ ಕಂಬವನ್ನು ಎತ್ತರದಿಂದ ಬೀಳಿಸಿ ಪರೀಕ್ಷಿಸುವಾಗ ಎಣ್ಣೆ ಸೋರಿತು. ಎಲ್ಲರೂ ಕಂಬದ ಲೋಹವನ್ನು ಅನುಮಾನಿಸುತ್ತ ನಿಂತಿದ್ದಾಗ, "ಒಳಗಿನ ಸೀಲ್ ತಿರುಗುಮುರುಗು ಕೂತಿದೆ ಸರ್" ಎಂದಳು. ಬಿಚ್ಚಿ ನೋಡಿದರೆ ಹಾಗೇ ಇತ್ತು. ಅಂದಿನಿಂದ ಯಾವ ಪರೀಕ್ಷೆಯಾದರೂ ಅವಳನ್ನು ಕರೆಯದೆ ಶುರು ಮಾಡುತ್ತಿರಲಿಲ್ಲ.

ಮದುವೆಯಾದದ್ದು ಆಲ್ದೂರಿನಲ್ಲೇ ಸ್ಪ್ರೇಯರು, ಪಂಪ್‌ಸೆಟ್ಟು ಮಾರುವ ಅಂಗಡಿಯ ಓಂಕಾರಮೂರ್ತಿಯನ್ನು. ಸೋಮವಾರದಿಂದ ಶುಕ್ರವಾರ ಬೆಂಗಳೂರು, ಶನಿವಾರ ಭಾನುವಾರ ಆಲ್ದೂರು ಎಂಬ ಒಪ್ಪಂದ. ಮಗ ನಂದನ್ ಎರಡು ವರ್ಷದವನಿದ್ದಾಗ ಮೈದುನ ಹಾಲೇಶನ ಹೆಂಡತಿಯಾಗಿ ಸೌಮ್ಯ ಈ ಮನೆಗೆ ಬಂದಳು. ಆಗ ಅವಳಿಗೆ ಇಪ್ಪತ್ತೊಂದು. ಮೊದಲ ಸೋಮವಾರ ಬೆಳಿಗ್ಗೆ, ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡು, "ನೀವು ಹೋಗಿ ಅಕ್ಕ, ನಾನಿದ್ದೀನಲ್ಲ" ಎಂದಳು. ಆ ಮಾತಿನ ಮೇಲೆ ಶಾಂತಕುಮಾರಿ ಇಪ್ಪತ್ತೊಂಬತ್ತು ವರ್ಷ ಹೋಗಿಬಂದಳು.

ಈಗ ಲೆಕ್ಕ ತಿರುಗಿತ್ತು. ಮೊದಲ ಸೋಮವಾರ ಶಾಂತಕುಮಾರಿ ತಟ್ಟಿದ ರೊಟ್ಟಿ ಕಾವಲಿಯಿಂದ ಎದ್ದು ಬರಲಿಲ್ಲ. ಎರಡನೆಯದು ಬಂತು, ಆದರೆ ಮೂರು ತುಂಡಾಗಿ. ಹಾಲೇಶ ಬುತ್ತಿ ಇಲ್ಲದೆಯೇ ಮಲ್ಲಂದೂರಿನ ಕಡೆಯ ತೋಟಕ್ಕೆ ಹೊರಟ.

"ಇರಲಿ ಅತ್ತಿಗೆ, ತೋಟದ ಲೆಕ್ಕ ಬರೆಯೋ ರೈಟರ್ ಮನೇಲಿ ಏನಾದ್ರೂ ತಿಂತೀನಿ. ಹಣ್ಣು ಕೊಯ್ಲಿಗೆ ಆಳು ಬರೋ ಹೊತ್ತಾಯ್ತು."

ಹಾಲೇಶನ ಮಗಳು ಧನ್ಯಶ್ರೀ ಚಿಕ್ಕಮಗಳೂರಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದವಳು. ರೊಟ್ಟಿಯ ತುಂಡೊಂದನ್ನು ಎತ್ತಿ ಬೆಳಕಿಗೆ ಹಿಡಿದು, "ದೊಡ್ಡಮ್ಮ, ಇದು ಎಷ್ಟು ಟನ್ ತಡ್ಕೊಳ್ಳುತ್ತೆ?" ಎಂದಳು.

"ಸುಮ್ನೆ ತಿನ್ನೇ."

"ತಿನ್ನೋಕೆ ಹಲ್ಲು ಬೇಕಲ್ಲ. ಅಜ್ಜಿ ಗತಿ ಏನು?"

ನಂಜಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಬಿಸಿನೀರಲ್ಲಿ ಹಿಟ್ಟು ಬೇಯಿಸ್ಬೇಕು ಕಣೇ ಶಾಂತಾ. ತಣ್ಣೀರಲ್ಲಿ ಕಲಸಿದ್ಯಲ್ಲ. ನಾಳೆ ನಾನು ಕುರ್ಚಿ ಹಾಕ್ಕೊಂಡು ಕೂತು ಹೇಳ್ತೀನಿ."

ಎಂಬತ್ತನಾಲ್ಕರ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಒಂದು ವಾರ ಬೈದರು, ಒಂದು ವಾರ ಹೇಳಿಕೊಟ್ಟರು. ಶಾಂತಕುಮಾರಿಗೆ ಸೋಲುವ ಅಭ್ಯಾಸವಿರಲಿಲ್ಲ. ಹದಿನೈದನೆಯ ದಿನಕ್ಕೆ ರೊಟ್ಟಿ ಉಬ್ಬಿತು. ಸೌತೆಕಾಯಿ ಹುಳಿಗೆ ಉಪ್ಪು ಸರಿಹೋಯಿತು. ಸಂಜೆ ಏಳಕ್ಕೆ ಸೌಮ್ಯ ಬಸ್ಸಿಳಿದು ಬಂದರೆ ಅವಳ ಸೀರೆಯಲ್ಲಿ ಹುರಿದ ಕಾಫಿಯ ಹೊಗೆ. ಕೈಕಾಲು ತೊಳೆಯುವ ಮೊದಲೇ ಮಾತು ಶುರು.

"ಇವತ್ತು ಕಳಸದ ಕಡೆಯಿಂದ ತೊಳೆದು ಒಣಗಿಸಿದ ಬೀಜ ಬಂದಿತ್ತು ಅಕ್ಕ, ಪಾರ್ಚ್‌ಮೆಂಟು. ಎಲ್ರೂ ಚೆನ್ನಾಗಿದೆ ಅಂದ್ರು. ನಾನು ಒಪ್ಪಲಿಲ್ಲ. ಒಣಗಿಸುವಾಗ ಒಂದಿನ ರಾಶಿ ಹಾಕಿಟ್ಟಿದಾರೆ ಅಂದೆ. ಫೋನ್ ಮಾಡಿ ಕೇಳಿದ್ರೆ ಹೌದಂತೆ!"

ಈ ಓರಗಿತ್ತಿ ಇಷ್ಟು ಮಾತನಾಡಬಲ್ಲಳೆಂದು ಶಾಂತಕುಮಾರಿಗೆ ಗೊತ್ತೇ ಇರಲಿಲ್ಲ.

ಮೂರನೆಯ ವಾರದ ಗುರುವಾರ ಸುರೇಂದ್ರನ ಫೋನು ಬಂತು. ಅವಳ ಜಾಗಕ್ಕೆ ಬಂದವನು, ಇಪ್ಪತ್ತು ವರ್ಷ ಅವಳ ಕೈಕೆಳಗೆ ಪಳಗಿದವನು.

"ಮೇಡಂ, ಫೋನಲ್ಲಿ ಹೇಳಕ್ಕಾಗಲ್ಲ. ಶನಿವಾರ ಅಲ್ಲಿಗೇ ಬರ್ಲಾ?"

ಶನಿವಾರ ಅವನು ಕಾರಿನಲ್ಲಿ ಬಂದು, ಕಡುಬು ಉಂಡು, ನಂಜಮ್ಮನವರ ಕಾಲಿಗೆ ನಮಸ್ಕಾರ ಮಾಡಿ, ಆಮೇಲೆ ಕಾಫಿ ಹಣ್ಣು ಒಣಗಲು ಹರಡಿದ್ದ ಹಿತ್ತಲ ಕಣದಲ್ಲಿ ಅವಳ ಜೊತೆ ನಡೆಯುತ್ತ ವಿಷಯ ಹೇಳಿದ. ಹೊಸ ವಿಮಾನ ಇನ್ನೂ ಹಾರಿರಲಿಲ್ಲ. ರನ್‌ವೇ ಮೇಲೆ ಓಡಿಸಿ ನಿಲ್ಲಿಸುವ ಪರೀಕ್ಷೆ ನಡೆಯುತ್ತಿತ್ತು. ಪ್ರತಿ ಸಲವೂ ಬಲಗಡೆಯ ಬ್ರೇಕು ಎಡಗಡೆಗಿಂತ ತೊಂಬತ್ತು ಡಿಗ್ರಿ ಹೆಚ್ಚು ಕಾಯುತ್ತಿತ್ತು. ಬ್ರೇಕಿನ ತಟ್ಟೆ ಬದಲಿಸಿದ್ದರು, ಚಕ್ರ ಬದಲಿಸಿದ್ದರು. ಬಿಸಿ ಹಾಗೇ ಇತ್ತು.

"ಹಾರಿದ ಮೇಲೆ ಆ ಚಕ್ರ ಹೊಟ್ಟೆಯೊಳಗೆ ಮಡಚ್ಕೊಳ್ಳುತ್ತೆ," ಎಂದಳು ಶಾಂತಕುಮಾರಿ. "ಪಕ್ಕದಲ್ಲೇ ಇಂಧನ."

"ಅದಕ್ಕೇ ಭಯ ಮೇಡಂ. ಡಿಸೆಂಬರ್ ಕೊನೆಗೆ ಹಾರಿಸ್ಬೇಕು ಅಂತ ಮೇಲಿಂದ ಒತ್ತಡ. ನಿಮ್ಮ ಸಹಿ ಇಲ್ದೆ ಯಾರಿಗೂ ಧೈರ್ಯ ಬರ್ತಿಲ್ಲ. ನಿರ್ದೇಶಕರು ಪತ್ರ ಕೊಟ್ಟಿದಾರೆ. ಹದಿನೆಂಟು ತಿಂಗಳು, ವಿಶೇಷ ಸಲಹೆಗಾರರು. ಅಂತಿಮ ಒಪ್ಪಿಗೆ ನಿಮ್ದೇ."

ಪತ್ರ ಕೈಗೆ ಬಂದಾಗ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಆ ಆಸೆಯನ್ನು ಅವಳು ತನ್ನಿಂದಲೇ ಮುಚ್ಚಿಡಲು ಹೋಗಲಿಲ್ಲ. ಬೇಕಿತ್ತು, ಅಷ್ಟೆ. ಹಸಿದವಳಿಗೆ ಅನ್ನ ಬೇಕಿರುವಷ್ಟು ಬೇಕಿತ್ತು.

ಅಂದು ಸಂಜೆಯ ಊಟಕ್ಕೆ ಎಲ್ಲರೂ ಕೂತಿದ್ದಾಗ ಹೇಳಿದಳು. ಸೌಮ್ಯ ಹುರುಳಿ ಸಾರು ಬಡಿಸುತ್ತಿದ್ದಳು. ಸೌಟು ಒಂದು ಕ್ಷಣ ನಿಂತು, ಮತ್ತೆ ಓಡಿತು.

"ಹದಿನೆಂಟು ತಿಂಗಳಾ?" ಎಂದ ಹಾಲೇಶ.

"ಒಳ್ಳೇದೇ ಆಯ್ತಲ್ಲ," ಎಂದ ಓಂಕಾರಮೂರ್ತಿ. "ರಿಟೈರಾದ್ಮೇಲೂ ಮನೆ ಬಾಗಿಲಿಗೆ ಬಂದು ಕರೀತಾರೆ ಅಂದ್ರೆ ಸುಮ್ನೇನಾ? ಸೌಮ್ಯನ ಕೆಲಸ ಎಲ್ಲಿ ಹೋಗುತ್ತೆ? ಒಂದು ವರ್ಷ ಕಾದಿದಾರೆ, ಇನ್ನೂ ಒಂದೂವರೆ ವರ್ಷ ಕಾಯ್ಲಿ. ಅದೇನು, ಕಾಫಿ ಕುಡಿದು ನೋಡೋದು ತಾನೇ."

ಧನ್ಯಶ್ರೀ ತಟ್ಟೆಯಿಂದ ಕೈ ತೆಗೆದಳು. "ದೊಡ್ಡಪ್ಪ, ಹಾಗಾದ್ರೆ ದೊಡ್ಡಮ್ಮ ಮಾಡೋದು ಚಕ್ರ ತಿರುಗಿಸಿ ನೋಡೋದು ತಾನೇ?"

"ನಿನ್ನನ್ನ ಕೇಳಿದ್ರಾ ಇಲ್ಲಿ?" ಎಂದು ಹಾಲೇಶ ಗದರಿದ.

"ಅವಳನ್ನ ಬಯ್ಬೇಡ," ಎಂದರು ನಂಜಮ್ಮ. "ಓಂಕಾರ, ಸೌಮ್ಯ ಈ ಮನೇಲಿ ಎಷ್ಟು ವರ್ಷ ಕಾದ್ಲು ಅಂತ ಗೊತ್ತೇನೋ ನಿಂಗೆ? ನಂಗೆ ಗೊತ್ತು. ನಾನು ಇಲ್ಲೇ ಕೂತಿದ್ನಲ್ಲ."

ಸೌಮ್ಯ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು. ಅವಳ ದನಿ ಏರಲಿಲ್ಲ.

"ಅಕ್ಕ, ನಿಮ್ಮ ಕೆಲಸ ದೊಡ್ದು. ನಂದು ಚಿಕ್ದೇ ಇರ್ಬಹುದು. ಆದ್ರೆ ಈ ಸಲ ನಾನು ಬಿಡಲ್ಲ."

"ನಾನು ಬಿಡು ಅಂದ್ನಾ?"

"ಅನ್ನಲಿಲ್ಲ. ಯಾವತ್ತೂ ಅಂದಿಲ್ಲ ನೀವು. ನಾನೇ ಬಿಡ್ತಿದ್ದೆ. ಅದಕ್ಕೇ ಈಗ್ಲೇ ಹೇಳ್ತಿದೀನಿ."

ಶಾಂತಕುಮಾರಿಗೆ ಸಿಟ್ಟು ಬಂತು. "ನಂಗೂ ಬಿಡೋ ಮನಸ್ಸಿಲ್ಲ, ಸೌಮ್ಯ. ಸುಳ್ಳು ಹೇಳಲ್ಲ," ಎಂದಳು. ಗಂಡಸರಿಬ್ಬರೂ ಮಜ್ಜಿಗೆಗೆ ಕಾಯುತ್ತ ಕೂತಿದ್ದರು.

ಮಾರನೆಯ ದಿನ ಭಾನುವಾರ. ಕಳಸದಲ್ಲಿ ಪಶುವೈದ್ಯನಾಗಿರುವ ನಂದನ್ ಎಂದಿನಂತೆ ಊಟಕ್ಕೆ ಬಂದ. ಬಂದವನು ಮೊದಲು ಅಡುಗೆಮನೆಗೆ ಹೋಗಿ ಸೌಮ್ಯಳ ಹೆಗಲಿಗೆ ಗಲ್ಲ ಊರಿ, "ಚಿಕ್ಕವ್ವ, ಏನು ಪರಿಮಳ ಇದು?" ಎಂದ. ಎಣ್ಣೆಗಾಯಿ ಎಂದು ಗೊತ್ತಿದ್ದೂ ಕೇಳುವುದು ಅವನ ರೂಢಿ. ಮಧ್ಯಾಹ್ನ ಶಾಂತಕುಮಾರಿ ಕಣದಲ್ಲಿ ಹಣ್ಣು ಕೆದಕುತ್ತಿದ್ದಾಗ ಅವನೂ ಒಂದು ಕೋಲು ಹಿಡಿದು ಬಂದ. ಅವಳು ಎಲ್ಲ ಹೇಳಿದಳು.

"ನಿನ್ನ ಅಭಿಪ್ರಾಯ ಏನು?"

"ಹೋಗಮ್ಮ. ನೀನು ಹೋಗ್ದಿದ್ರೆ ಯಾರಿಗೂ ಖುಷಿ ಆಗಲ್ಲ. ಆದ್ರೆ ಚಿಕ್ಕವ್ವನ್ನ ಕಾಯಿಸ್ಬೇಡ."

"ನಿಂಗೆ ನನ್ನ ಮೇಲೆ ಬೇಜಾರಿತ್ತಾ, ಚಿಕ್ಕೋನಿದ್ದಾಗ?"

ಅವನು ಕೋಲಿನಿಂದ ಒಂದು ಸಾಲು ಹಣ್ಣು ತಿರುವಿದ. "ನಂಗೆ ಇಬ್ರು ತಾಯಿ ಅಂತ ಊರೆಲ್ಲ ಹೇಳ್ತಿತ್ತು. ನಿಜ ಹೇಳ್ಬೇಕಂದ್ರೆ ಒಬ್ಳು ತಾಯಿ, ಇನ್ನೊಂದು ಶನಿವಾರ. ಶನಿವಾರ ಅಂದ್ರೆ ನಂಗೆ ತುಂಬಾ ಇಷ್ಟ ಇತ್ತಮ್ಮ. ಬೇಜಾರಿರ್ಲಿಲ್ಲ."

ಅವಳು ಮುಖ ಆಚೆ ತಿರುಗಿಸಿ ಹಣ್ಣು ಕೆದಕಿದಳು. ಕೆದಕಿದ ಸಾಲನ್ನೇ ಮತ್ತೆ ಕೆದಕಿದಳು.

ಸೋಮವಾರ ಬೆಳಿಗ್ಗೆ ಸೌಮ್ಯಳ ಜೊತೆ ಬಸ್‌ಸ್ಟ್ಯಾಂಡಿನವರೆಗೂ ನಡೆದಳು. ಕೊಯ್ಲಿನ ಕಾಲ, ಆಳುಗಳನ್ನು ತುಂಬಿಕೊಂಡ ಜೀಪುಗಳು ಒಂದರ ಹಿಂದೊಂದು ಹೋಗುತ್ತಿದ್ದವು.

"ನೀನು ಮೊನ್ನೆ ಹೇಳಿದ್ದು ಸರಿ," ಎಂದಳು.

"ನಂಗೂ ಒಂದು ನಾಲಿಗೆ ಇದೆ ಅಂತ ಐವತ್ತಕ್ಕೆ ಗೊತ್ತಾಯ್ತು ಅಕ್ಕ," ಎಂದು ಸೌಮ್ಯ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ನಿಮ್ಮ ಮೇಲೆ ಸಿಟ್ಟಿಲ್ಲ. ನಂದನ್‌ನ ಸಾಕಿದ್ದು ನಂಗೆ ಭಾರ ಅನ್ನಿಸ್ಲಿಲ್ಲ. ಆದ್ರೆ ಭಾವ ಕಾಯ್ಲಿ ಅಂದಾಗ... ನೀವೂ ಸುಮ್ನಿದ್ರಿ ನೋಡಿ. ಅದು ನೋವಾಯ್ತು."

ಬಸ್ಸು ಬಂತು. ಸೌಮ್ಯ ಹತ್ತಿದಳು. ಶಾಂತಕುಮಾರಿ ಅಲ್ಲಿಂದ ಮನೆಗೆ ಹೋಗದೆ ನೇರ ಗಂಡನ ಅಂಗಡಿಗೆ ಹೋದಳು. ಓಂಕಾರಮೂರ್ತಿ ಷಟರ್ ಎತ್ತಿ, ಸ್ಪ್ರೇಯರುಗಳನ್ನು ಹೊರಗೆ ಜೋಡಿಸುತ್ತಿದ್ದ.

"ರೀ, ನಾನು ಬೆಂಗಳೂರಿಗೆ ಹೋಗ್ತೀನಿ. ಸದ್ಯ ಹತ್ತು ದಿನ. ಮನೆ ಅಡುಗೆ ನೀವು ಮಾಡಿ."

ಅವನು ನಕ್ಕ. ಅವಳು ನಗಲಿಲ್ಲ.

"ನಾನಾ? ಅಂಗಡಿ?"

"ಒಂಬತ್ತೂವರೆಗೆ ತೆಗೀರಿ. ಮಲ್ಲಂದೂರಿಗೆ ಪಂಪು ಬೇಕಾದೋರು ಒಂದು ಗಂಟೆ ಕಾಯ್ತಾರೆ. ಹಾಲೇಶ ಸಂಜೆ ತೋಟದಿಂದ ಬಂದ್ಮೇಲೆ ಅನ್ನ, ಸಾರು ಮಾಡ್ಲಿ."

"ಅಲ್ಲ ಮಾರಾಯ್ತಿ, ಯಾರನ್ನಾದ್ರೂ ಅಡುಗೆಯವರನ್ನ ಇಟ್ಕೊಂಡ್ರಾಯ್ತಪ್ಪ."

"ಇಟ್ಕೊಳ್ಳೋಣ, ಸಿಕ್ಕಿದ್ರೆ. ಕೊಯ್ಲಿನಲ್ಲಿ ಯಾರು ಸಿಕ್ತಾರೆ ನಿಮಗೆ? ಸಿಗೋವರೆಗೆ ನೀವು."

ಓಂಕಾರಮೂರ್ತಿಯ ಮುಖ ಕೆಂಪಾಯಿತು. "ಮೂವತ್ಮೂರು ವರ್ಷದಲ್ಲಿ ನಾನು ನಿನ್ನ ಕೆಲಸಕ್ಕೆ ಒಂದಿನ ಅಡ್ಡ ಬಂದಿದೀನಾ ಶಾಂತಾ? ಈ ಊರಲ್ಲಿ ಯಾವ ಗಂಡ ಬಿಟ್ಟಿದ್ದ ಹೇಳು, ಹೆಂಡ್ತಿ ಐದು ದಿನ ಬೇರೆ ಊರಲ್ಲಿ ಇರೋಕೆ?"

"ಅಡ್ಡ ಬರ್ಲಿಲ್ಲ, ನಿಜ. ನೀವು ಬಿಟ್ರಿ, ಸೌಮ್ಯ ಹೊತ್ಲು. ನಾನೂ ನೀವೂ ಇಬ್ರೂ ಸೇರಿ ಅವಳ ಮೇಲೆ ಹಾಕಿದ್ವಿ. ನಾನು ನಿಮ್ಮನ್ನ ಒಂದು ದಿನ ಕೇಳಿದ್ರೆ ಹಾಗಾಗ್ತಿರ್ಲಿಲ್ಲ. ಕೇಳ್ಲಿಲ್ಲ. ಈಗ ಕೇಳ್ತಿದೀನಿ."

ಗಿರಾಕಿಯೊಬ್ಬ ಬಂದು ವಾಷರ್ ಕೇಳಿದ. ಓಂಕಾರಮೂರ್ತಿ ಕೊಟ್ಟು ಕಳಿಸಿ, ಬಹಳ ಹೊತ್ತು ಡ್ರಾಯರಿನೊಳಗೆ ಏನನ್ನೋ ಹುಡುಕುತ್ತಿದ್ದ. ಕೊನೆಗೆ ತಲೆ ಎತ್ತದೆಯೇ, "ರೊಟ್ಟಿ ಬರಲ್ಲ ನಂಗೆ. ಉಪ್ಪಿಟ್ಟು ಮಾಡ್ತೀನಿ," ಎಂದ.

"ಅತ್ತೆ ಕುರ್ಚಿ ಹಾಕ್ಕೊಂಡು ಹೇಳ್ಕೊಡ್ತಾರೆ."

ಬೆಂಗಳೂರಿನಲ್ಲಿ ಹ್ಯಾಂಗರಿನ ಬಾಗಿಲು ದಾಟಿದಾಗ ಎಣ್ಣೆಯ, ಬಣ್ಣದ ವಾಸನೆ ಮೂಗಿಗೆ ಬಡಿದು ಅವಳ ಹೆಜ್ಜೆ ಹಗುರಾಯಿತು. ಎರಡು ದಿನ ಅವಳು ಏನನ್ನೂ ಬಿಚ್ಚಿಸಲಿಲ್ಲ, ದಾಖಲೆಗಳನ್ನೇ ಓದಿದಳು. ಮೂರನೆಯ ದಿನ ಸುರೇಂದ್ರನನ್ನು ಕೇಳಿದಳು.

"ಬ್ರೇಕ್ ಒತ್ತಿದ ಮೇಲಿನ ಬಿಸಿ ಎಲ್ಲಾ ಬರೆದಿದೀರಿ. ಒತ್ತೋಕೆ ಮೊದಲು ಎಷ್ಟಿತ್ತು?"

"ಮೊದಲು... ಅದನ್ನ ತೆಗೆದಿಲ್ಲ ಮೇಡಂ. ಬ್ರೇಕ್ ಒತ್ತಿದಾಗ್ಲೇ ಯಂತ್ರ ಅಳೆಯೋಕೆ ಶುರು ಮಾಡೋದು."

"ವಿಮಾನ ಜಾಕ್ ಮೇಲೆ ಎತ್ಸು. ಒಂದು ಸಲ ಬ್ರೇಕ್ ಒತ್ತಿ ಬಿಡ್ಲಿ. ಆಮೇಲೆ ನಾನು ಚಕ್ರ ತಿರುಗಿಸ್ತೀನಿ."

ಎಡಗಡೆಯ ಚಕ್ರ ಅವಳ ಕೈಗೆ ಸರಾಗ ತಿರುಗಿ ಮೂರು ಸುತ್ತು ಹಾಕಿತು. ಬಲಗಡೆಯದು ಅರ್ಧ ಸುತ್ತಿಗೇ ನಿಂತಿತು. ಕಾಲು ಗಂಟೆ ಬಿಟ್ಟು ತಿರುಗಿಸಿದರೆ ಅದೂ ಸರಾಗ. ಅವಳು ಎದ್ದು ನಿಂತು ಕೈ ಒರೆಸಿಕೊಂಡಳು. ಬ್ರೇಕು ಬಿಟ್ಟ ಮೇಲೂ ಬಲಗಡೆ ಹಿಡಿದುಕೊಂಡೇ ಇತ್ತು. ಒತ್ತಿದ ಎಣ್ಣೆ ವಾಪಸು ಬರಲು ತಡವಾಗುತ್ತಿತ್ತು. ಎಣ್ಣೆ ಹಿಂತಿರುಗುವ ಕೊಳವೆಯನ್ನು ಮಧ್ಯಾಹ್ನದೊಳಗೆ ಬಿಚ್ಚಿ, ಬಾಗಿದ ಜಾಗದಲ್ಲಿ ಕೊಯ್ದು ನೋಡಿದರು. ಹೊರಗೆ ಸೊಗಸಾಗಿ ಕಾಣುವ ಬಾಗು ಒಳಗೆ ಚಪ್ಪಟೆಯಾಗಿತ್ತು.

ಹೊಸ ತಂತಿಗಳ ಕಟ್ಟಿಗೆ ಜಾಗ ಮಾಡಲು ಆ ಕೊಳವೆಯ ದಾರಿಯನ್ನು ಸೆಪ್ಟೆಂಬರಿನಲ್ಲಿ ಬದಲಿಸಿದ್ದರು. ಬದಲಾವಣೆಯ ನಕ್ಷೆ ತರಿಸಿದರು. ಸುರೇಂದ್ರ ಅದನ್ನು ಬಿಡಿಸಿ, ಕೆಳಗಿನ ಮೂಲೆ ನೋಡಿ, ಮಡಚಲು ಹೋದ.

"ಮಡಚ್ಬೇಡ. ನಂಗೆ ಗೊತ್ತು," ಎಂದಳು ಶಾಂತಕುಮಾರಿ.

ಸಹಿ ಅವಳದೇ. ನಿವೃತ್ತಿಗೆ ಮುಂಚಿನ ತಿಂಗಳು, ದಿನಕ್ಕೆ ನಲವತ್ತು ಕಾಗದ, ಬೀಳ್ಕೊಡುಗೆಯ ಊಟಗಳು. ಬಾಗಿನ ಅಳತೆ ನಿಯಮದೊಳಗೇ ಇತ್ತು; ಆದರೆ ಬಾಗಿಸಿದ ಮೇಲೆ ಎಣ್ಣೆ ಹರಿಸಿ ನೋಡಿ ಎಂದು ಅವಳು ಬರೆಯಬೇಕಿತ್ತು, ಬರೆದಿರಲಿಲ್ಲ.

"ವರದೀಲಿ ನಕ್ಷೆ ನಂಬರ್ ಅಷ್ಟೇ ಹಾಕೋಣ ಮೇಡಂ," ಎಂದ ಸುರೇಂದ್ರ ಮೆಲ್ಲಗೆ.

"ಬೇಡ. ಒಪ್ಪಿಗೆ ಕೊಟ್ಟಿದ್ದು ಶಾಂತಕುಮಾರಿ ಅಂತ ಬರಿ. ನನ್ನ ಸಹಿ ಆದ್ಮೇಲೆ ಅದು ಎಷ್ಟು ಜನರ ಮೇಜು ದಾಟಿದೆ?"

"ನಾಲ್ಕು. ನಂದೂ ಸೇರಿ."

"ಯಾರೂ ಒಂದು ಪ್ರಶ್ನೆ ಕೇಳ್ಲಿಲ್ಲ. ನನ್ನ ಹೆಸರು ನೋಡಿ ಸುಮ್ನಾದ್ರಿ."

ಕೊನೆಗೆ ವರದಿಯನ್ನು ಅವಳೇ ಬರೆದಳು, ತನ್ನ ಹೆಸರಿನ ಸಮೇತ. ನಿರ್ದೇಶಕರು ಓದಿ ಕನ್ನಡಕ ತೆಗೆದಿಟ್ಟು, "ಇದರಿಂದ ಏನೂ ಬದಲಾಗಲ್ಲ, ಹದಿನೆಂಟು ತಿಂಗಳಿಗೆ ನೀವೇ ಬೇಕು," ಎಂದರು.

"ನಾನಿದ್ರೆ ಇವರು ನನ್ನ ಸಹಿಗೇ ಕಾಯ್ತಾರೆ ಸರ್. ಅಂತಿಮ ಒಪ್ಪಿಗೆ ಸುರೇಂದ್ರ ಅವರದೇ ಇರಲಿ. ನಾನು ತಿಂಗಳಿಗೆ ಆರು ದಿನ ಬರ್ತೀನಿ, ಪ್ರಶ್ನೆ ಕೇಳೋಕೆ. ಸಹಿ ಮಾಡಲ್ಲ."

ಹೇಳಿ ಹೊರಬಂದಳು. ಬೇಕಿದ್ದದ್ದನ್ನು ಬೇಡವೆಂದಿದ್ದಳು. ಆದರೆ ಹೇಳಿದ ಮಾತಿನಲ್ಲಿ ಒಂದನ್ನೂ ವಾಪಸು ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ಸುರೇಂದ್ರ ಕಾರಿನವರೆಗೂ ಹಿಂದೆ ಬಂದ.

"ನಂಗೆ ಭಯ ಆಗ್ತಿದೆ ಮೇಡಂ."

"ಆಗ್ಬೇಕು. ನಂಗೆ ಸೆಪ್ಟೆಂಬರಿನಲ್ಲಿ ಆಗಿರ್ಲಿಲ್ಲ ನೋಡು."

ಹತ್ತನೆಯ ದಿನ ಹೇಳಿದ ಹೊತ್ತಿಗೆ ಆಲ್ದೂರಿನಲ್ಲಿ ಇಳಿದಳು. ಬಾಗಿಲಲ್ಲೇ ಧನ್ಯಶ್ರೀ ವರದಿ ಒಪ್ಪಿಸಿದಳು.

"ಐದು ದಿನ ಉಪ್ಪಿಟ್ಟು, ದೊಡ್ಡಮ್ಮ! ಆರನೇ ದಿನ ಅಜ್ಜಿ ತಟ್ಟೆ ಮುಟ್ಟಲಿಲ್ಲ. ಆಮೇಲೆ ದೊಡ್ಡಪ್ಪ ಕಡುಬು ಕಲಿತ್ರು. ಅಪ್ಪನ ಸಾರು ಮಾತ್ರ ಕೇಳ್ಬೇಡಿ. ದೇವರಮನೆ ಬೆಟ್ಟದ ದಾರೀಲಿ ಟೂರಿಸ್ಟ್ ಹೋಟ್ಲಲ್ಲಿ ನೀರು ನೀರಾಗಿ ಕೊಡ್ತಾರಲ್ಲ, ಅದೇ ಬಣ್ಣ."

"ಸೌಮ್ಯ?"

"ಅಮ್ಮ ಒಂದಿನ ಬಸ್ ತಪ್ಪಿಸ್ಲಿಲ್ಲ."

ಓಂಕಾರಮೂರ್ತಿ ಒಳಗಿನಿಂದ ಬಂದ. ಹೆಬ್ಬೆರಳಿಗೆ ಸುಟ್ಟ ಗಾಯದ ಪಟ್ಟಿ. "ದಿನಾ ಬೆಳಿಗ್ಗೆ ಐದೂವರೆಗೆ ಏಳ್ತಿದ್ಲಾ ಈ ಸೌಮ್ಯ? ಇಷ್ಟು ವರ್ಷ?" ಎಂದು ಕೇಳಿದ. ಪ್ರಶ್ನೆ ಹೆಂಡತಿಗೋ, ತನಗೋ ತಿಳಿಯಲಿಲ್ಲ. ಸಂಜೆ ಸೌಮ್ಯ ಬಂದಾಗ ಕಾಫಿ ಲೋಟವನ್ನು ಅವನೇ ತಂದು ಅವಳ ಮುಂದಿಟ್ಟ. ಅವಳು ಒಂದು ಗುಟುಕು ಕುಡಿದಳು.

"ಹೇಗಿದೆ?"

"ಡಿಕಾಕ್ಷನ್ ಎರಡು ಸಲ ಕಾಸಿದೀರಿ ಭಾವ."

"ಹೌದಮ್ಮ," ಎಂದು ಅವನು ಒಪ್ಪಿಕೊಂಡ. ಮನೆಯೆಲ್ಲ ನಕ್ಕಿತು.

ಊಟವಾದ ಮೇಲೆ ಶಾಂತಕುಮಾರಿ ಸೌಮ್ಯಳಿಗೆ ಹೇಳಬಹುದಾದಷ್ಟನ್ನು ಹೇಳಿದಳು. "ತಪ್ಪು ನಂದೇ ಇತ್ತು. ಒಪ್ಕೊಂಡು ಬಂದೆ. ಇನ್ನು ತಿಂಗಳಿಗೆ ಆರು ದಿನ ಹೋಗ್ತೀನಿ, ಅಷ್ಟೇ."

"ನಮಗೋಸ್ಕರ ಬಿಟ್ರಾ?" ಎಂದಳು ಸೌಮ್ಯ, ಅನುಮಾನದಿಂದ.

"ಅಲ್ಲ. ಅಲ್ಲಿಗೋಸ್ಕರ. ನಿಂಗೋಸ್ಕರ ಅಂದಿದ್ರೆ ನಿನ್ನ ಮೇಲೆ ಇನ್ನೊಂದು ಭಾರ ಹಾಕಿದ ಹಾಗಾಗ್ತಿತ್ತು."

"ಹಾಗಾದ್ರೆ ಸರಿ," ಎಂದು ಸೌಮ್ಯ ತಟ್ಟೆಗಳನ್ನು ಎತ್ತಲು ಹೋದಳು. ಹಾಲೇಶ ಅವಳ ಕೈಯಿಂದ ತೆಗೆದುಕೊಂಡ.

ಡಿಸೆಂಬರಿನ ಕೊನೆಗೆ ವಿಮಾನ ಹಾರಲಿಲ್ಲ. ಸುರೇಂದ್ರ ಒಪ್ಪಿಗೆ ಕೊಡದೆ, ಎರಡೂ ಕಡೆಯ ಕೊಳವೆಗಳನ್ನು ಬದಲಿಸಿ, ಓಟದ ಪರೀಕ್ಷೆಯನ್ನೆಲ್ಲ ಮೊದಲಿನಿಂದ ಮಾಡಿಸಿದ. ಮೇಲಿನವರು ಕೂಗಾಡಿದರೂ ಜಗ್ಗಲಿಲ್ಲ. ಜನವರಿಯ ಸರದಿಯ ಆರು ದಿನದಲ್ಲಿ ಶಾಂತಕುಮಾರಿ ಅವನಿಗೆ ಅರವತ್ತು ಪ್ರಶ್ನೆ ಕೇಳಿದಳು. ಅವನು ಐವತ್ತೇಳಕ್ಕೆ ಉತ್ತರ ಕೊಟ್ಟ. ಮೂರಕ್ಕೆ, "ಗೊತ್ತಿಲ್ಲ, ನೋಡಿ ಹೇಳ್ತೀನಿ" ಎಂದ. ಅವಳಿಗೆ ಆ ಮೂರೇ ಹೆಚ್ಚು ಸಮಾಧಾನ ತಂದವು.

ಫೆಬ್ರವರಿಯ ಒಂದು ಮಂಗಳವಾರ ಮನೆಯಲ್ಲಿ ಅವಳೂ ನಂಜಮ್ಮನೂ ಇಬ್ಬರೇ. ಕೊನೆಯ ಕೊಯ್ಲಿನ ಹಣ್ಣು ಕಣದಲ್ಲಿತ್ತು. ಅತ್ತೆಗೆ ಬಡಿಸಿ, ತನ್ನ ತಟ್ಟೆ ಇಟ್ಟುಕೊಳ್ಳುವಾಗ ಫೋನು ಬಂತು.

"ಮೇಡಂ. ಇಳೀತು."

ಅವಳು ಮೊದಲು ಬ್ರೇಕಿನ ಬಿಸಿಯನ್ನೇ ಕೇಳಿದಳು. "ಎರಡೂ ಕಡೆ?"

"ಎರಡೂ ಕಡೆ ಒಂದೇ ಮೇಡಂ. ಒಂದೇ."

ಅವನು ಇನ್ನೂ ಏನೇನೋ ಹೇಳುತ್ತಿದ್ದ. ಹಿಂದೆ ಜನ ಕೂಗುವುದು ಕೇಳುತ್ತಿತ್ತು. ಅವಳು, "ಹೋಗು, ಅವರ ಜೊತೆ ಇರು," ಎಂದು ಫೋನಿಟ್ಟಳು. ಹಲವು ವರ್ಷಗಳ ಕೆಲಸ ನಲವತ್ತು ನಿಮಿಷ ಹಾರಿ ನೆಲಕ್ಕೆ ಬಂದಿತ್ತು, ಅವಳಿಲ್ಲದೆ, ಅವಳ ಸಹಿ ಇಲ್ಲದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಯಾರದು ಫೋನು?" ಎಂದರು ನಂಜಮ್ಮ.

"ವಿಮಾನ ಹಾರಿ, ಇಳೀತಂತೆ ಅತ್ತೆ. ಮೊದಲನೇ ಸಲ."

"ಒಳಗೆ ಮನುಷ್ಯ ಇದ್ನಾ?"

"ಇದ್ದ. ಒಬ್ಬ."

ನಂಜಮ್ಮ ತುತ್ತನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದರು.

"ಅವನ ತಾಯಿಗೆ ಹೇಳಿದ್ರಂತಾ?"

ಈ ಪ್ರಶ್ನೆಯನ್ನು ಮೂವತ್ತಾರು ವರ್ಷದಲ್ಲಿ ಯಾವ ಸಭೆಯಲ್ಲೂ ಯಾರೂ ಕೇಳಿರಲಿಲ್ಲ. ಶಾಂತಕುಮಾರಿ ಮತ್ತೆ ಫೋನ್ ಮಾಡಿದಳು. ಸುರೇಂದ್ರ ಯಾರನ್ನೋ ಕೇಳಿ, ಬಂದು ಹೇಳಿದ.

"ಹೇಳಿದಾರಂತೆ ಅತ್ತೆ. ಇಳಿದ ತಕ್ಷಣ ಅವನೇ ಮಾತಾಡಿದ್ನಂತೆ."

"ಸರಿ ಹಾಗಾದ್ರೆ," ಎಂದು ನಂಜಮ್ಮ ತುತ್ತು ಬಾಯಿಗಿಟ್ಟರು. "ಕೂತ್ಕೊ. ಆರಿ ಹೋಗುತ್ತೆ, ಊಟ ಮಾಡು."